ಒಳತಿರುಪು

ಕೌಂಟರಿನ ಹಿಂದೆ ನಿಂತು ಅವಳು ಪೈಪಿನ ಮೂಲೆಗೆ ಜೋಡಿಸುವ ಹಿತ್ತಾಳೆಯ ಎಲ್ಬೋಗಳನ್ನು ಒರೆಸಿ ಖಾನೆಗಳಿಗೆ ತುಂಬುತ್ತಿದ್ದಳು. ನಲ್ಲಿ, ಪೈಪು, ಬಾಯ್ಲರುಗಳನ್ನು ಸುತ್ತಲ ಅಂಗಡಿಗಳಿಗೆಲ್ಲ ಸಗಟಾಗಿ ಒದಗಿಸುವ ಮಳಿಗೆ ಅದು. ಯಜಮಾನ ಅವಳ ಗಂಡ. ಹೊರಮೈಗೆ ತಿರುಪು ಕೊರೆದ ಎಲ್ಬೋಗೆ ಅಲ್ಲಿ ಗಂಡು ಅನ್ನುತ್ತಿದ್ದರು, ಒಳಮೈಗೆ ಕೊರೆದದ್ದಕ್ಕೆ ಹೆಣ್ಣು. ಅವಳು ಮಾತ್ರ ಏನೂ ಅನ್ನದೆ ತುಂಡನ್ನೇ ಎತ್ತಿ ತೋರಿಸುತ್ತಿದ್ದಳು.

“ಒಳತಿರುಪಿನದು ಎರಡು ಕೊಡು ಇತ್ಲಾಗೆ,” ಎಂದ ಗಂಡ. ಕೊಟ್ಟಳು.

ಅಷ್ಟರಲ್ಲಿ ಮಳಿಗೆಯ ಎಂಜಿನಿಯರ್ ಹುಡುಗಿ ಒಳಬಂದಳು. ಮುಖ ಕೆಂಡವಾಗಿತ್ತು. “ಅಕ್ಕಾ, ಹಾಸ್ಟೆಲಿಗೆ ನಾನು ಹೇಳಿದ್ದು ಗಂಡು, ಹೋಗಿರೋದೆಲ್ಲ ಹೆಣ್ಣು. ಬಿಸಿನೀರಿನ ಲೈನು ಅರ್ಧಕ್ಕೇ ನಿಂತಿದೆ. ನಾನೇ ಫೋನ್ ಮಾಡಿಸಿ ಬದಲಾಯಿಸಿದೆ ಅಂತಿದ್ದಾರೆ ಗೋಡೌನಿನವರು.”

ಗಂಡನ ನಂತರ ಮಳಿಗೆಯ ಉಸ್ತುವಾರಿಗೆ ಮುಂದಿನವರನ್ನು ತಯಾರು ಮಾಡಲು ಒಂದು ವರ್ಷದಿಂದ ಇಬ್ಬರಿಗೆ ತರಬೇತಿ ನಡೆದಿತ್ತು. ‘ಪಾಲಿಶ್’ ಎಂದೇ ಎಲ್ಲರೂ ಕರೆಯುವ ಮಾರಾಟದವನು ತನ್ನ ಪರೀಕ್ಷೆಯಲ್ಲಿ ಆಗಲೇ ಮುಗ್ಗರಿಸಿದ್ದ. ಹಾಸ್ಟೆಲಿನ ಕೆಲಸ ಹುಡುಗಿಯ ಪರೀಕ್ಷೆ. ಇದೂ ಕೆಟ್ಟರೆ ಉಸ್ತುವಾರಿ ಹುಡುಗಿಯ ಕೈತಪ್ಪಿದಂತೆಯೇ.

ತರಬೇತಿ ಕೊಡುತ್ತಿದ್ದವರು ಗಂಡನ ಅಕ್ಕ. ಮನೆಯಲ್ಲಾಗಲಿ ಮಳಿಗೆಯಲ್ಲಾಗಲಿ ಏನೇ ಕಾಣೆಯಾದರೂ ಪತ್ತೆಹಚ್ಚುತ್ತಿದ್ದವರೂ ಅವರೇ. “ನೀನೂ ಬಾ, ನಿನ್ನ ಕಿವಿ ಬೇಕಾಗತ್ತೆ,” ಎಂದು ಅತ್ತಿಗೆ ಅವಳನ್ನು ಕರೆದುಕೊಂಡು ಗೋಡೌನಿಗೆ ನಡೆದರು.

“ನಿನ್ನೆ ಸಂಜೆ ಫೋನು ಬಂತಮ್ಮ,” ಎಂದ ಗೋಡೌನಿನ ಮೇಸ್ತ್ರಿ. “ಲಾರಿ ಹಿಂದಕ್ಕೆ ಬರ್ತಿತ್ತು, ದನಿ ಗೊತ್ತಾಗ್ಲಿಲ್ಲ. ಎಂಜಿನಿಯರಮ್ಮ ಹೇಳಿದ್ದಾರೆ, ಒಳತಿರುಪಿನದು ಹಾಕು ಅಂದ್ರು. ಇದ್ಯಾವ ಹೊಸ ಭಾಷೆ ಅಂದ್ಕೊಂಡೆ. ಹಾಕಿದೆ.”

“ಯಜಮಾನರು ಇಲ್ಲಿಗೆ ಬಂದಾಗ ಏನಂತಾರೆ?”

“ಗಂಡು-ಹೆಣ್ಣು ಅಂತಾರೆ. ಇನ್ನೇನಂತಾರೆ?”

ಅತ್ತಿಗೆ ತಲೆಯಾಡಿಸಿದರು. ಅವಳ ಕೈ ಓಲೆಯ ತಿರುಪಿಗೆ ಹೋಯಿತು.

ಸಂಜೆ ಮಹಡಿಯ ತರಬೇತಿ ಕೋಣೆಯಲ್ಲಿ ಎಲ್ಲರೂ ಸೇರಿದರು. ಎಂದಿನಂತೆ ಅವಳು ಚಹದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಳು.

“ಎಲ್ಲರೂ ನನ್ನನ್ನೇ ನೋಡ್ತಿದ್ದೀರಿ,” ಎಂದ ಪಾಲಿಶ್.

“ನಿನ್ನ ಬಾಯಲ್ಲಿ ಬರೋದು ಮೇಲ್, ಫಿಮೇಲ್. ಕನಸಲ್ಲೂ ನಿಂಗೆ ಅದರ ಕನ್ನಡ ಬರಲ್ಲ, ನೀನು ಬಚಾವ್,” ಎಂದರು ಅತ್ತಿಗೆ. “ಈ ಹುಡುಗಿ ಗಂಡು-ಹೆಣ್ಣು ಅಂತಾಳೆ, ಮೇಸ್ತ್ರಿಯೂ ಅಷ್ಟೆ. ಒಳತಿರುಪು ಅನ್ನೋನು ಒಬ್ಬನೇ. ಹೊಸದಾಗಿ ಮದುವೆಯಾದಾಗ ಹೆಂಡತಿ ಮುಂದೆ ಗಂಡು-ಹೆಣ್ಣು ಅನ್ನೋಕೆ ನಾಚಿಕೊಂಡು ಅವಳ ಓಲೆಯ ತಿರುಪು ನೋಡಿ ಕಟ್ಟಿದ ಪದ ಅದು. ಅವಳು ಹತ್ತಿರ ಇದ್ದರೆ ಮಾತ್ರ ಅದು ಬಾಯಿಗೆ ಬರತ್ತೆ. ಅದಕ್ಕೇ ಮೇಸ್ತ್ರಿಗೆ ಹೊಸದು. ಅಂದಮೇಲೆ ಫೋನು ಹೋಗಿದ್ದು ಕೌಂಟರಿನಿಂದ, ಅವಳ ಪಕ್ಕದಿಂದ. ಅಲ್ವೇನೋ ತಮ್ಮಾ?”

ಯಜಮಾನ ಚಹದ ಲೋಟವನ್ನು ಕೆಳಗಿಟ್ಟ. “ಬೀಗದಕೈ ಕೊಟ್ಟಮೇಲೆ ಬೆಳಗ್ಗೆ ಎದ್ದು ಎಲ್ಲಿಗೆ ಹೋಗ್ಲಿ ಅಕ್ಕ? ಇವಳೂ ಸೋತರೆ ಇನ್ನೊಂದು ವರ್ಷ ನಾನೇ ಇರ್ಬೋದು ಅನ್ನಿಸ್ತು.”

“ಬೆಳೆಸ್ತೀನಿ ಅಂದು ನೀರು ಹಾಕ್ತಾ ಬುಡ ಅಲ್ಲಾಡಿಸಿದೆಯಲ್ಲೋ. ಈ ಹುಡುಗಿ ಮುಂದೆ ತಪ್ಪಾಯ್ತು ಅನ್ನು.”

ಅಂದ. ಬೀಗದಕೈ ಮೇಜಿನ ಮೇಲಿಟ್ಟ. ಹುಡುಗಿ ಅದನ್ನು ತೆಗೆದುಕೊಂಡವಳೇ, “ಮೊದಲು ಹಾಸ್ಟೆಲಿಗೆ ಗಂಡು ಕಳಿಸ್ತೀನಿ,” ಎಂದು ಮೇಸ್ತ್ರಿಯನ್ನು ಎಬ್ಬಿಸಿಕೊಂಡು ಇಳಿದಳು.

ಕೋಣೆ ಖಾಲಿಯಾಯಿತು. ಅವಳು ಲೋಟಗಳನ್ನು ಜೋಡಿಸಿದಳು. ನಿನ್ನೆ ಸಂಜೆ ಫೋನಿನಲ್ಲಿ ಗಂಡ ಆ ಮಾತನ್ನು ಅವಳ ಪಕ್ಕದಲ್ಲೇ ಆಡಿದ್ದು, ಅವಳ ಕಿವಿಗೆ ಬಿದ್ದೂ ಇತ್ತು. ನಾಚಿಕೆಗೆ ಪದವನ್ನೇ ಕಟ್ಟಿದವನು, ಅವಳು ಕೇಳಿಸಿಕೊಂಡಾಳು ಎಂದು ಮಾತ್ರ ಅಂಜಿರಲಿಲ್ಲ. ಮುಂದಿನ ಯಜಮಾನರನ್ನು ಹುಡುಕುವಾಗಲೂ ಅವನ ಕಣ್ಣು ಅವಳನ್ನು ದಾಟಿಯೇ ಹೋಗಿತ್ತು.

ಕೆಳಗಿಳಿದು ಕೌಂಟರಿಗೆ ಬಂದಾಗ ಗಿರಾಕಿಯೊಬ್ಬ ಎಲ್ಬೋ ಕೇಳಿದ.

“ಗಂಡೋ, ಹೆಣ್ಣೋ?” ಎಂದಳು.

ಗಂಡ ತಲೆಯೆತ್ತಿ ನೋಡಿದ. ಅವಳು ಗಿರಾಕಿಗೆ ಬೇಕಾದದ್ದನ್ನು ತೆಗೆದುಕೊಟ್ಟಳು. ಸೋಮವಾರ ಹೊಸ ತಂಡಕ್ಕೆ ತರಬೇತಿ ಶುರು, ಕುರ್ಚಿ ಹಾಕುವವಳು ಅವಳೇ. ಈ ಸಲ ನನಗೂ ಒಂದು ಹೆಚ್ಚಿಗೆ ಹಾಕುತ್ತೇನೆ, ಕಿಟಕಿಯ ಪಕ್ಕಕ್ಕೆ, ಎಂದುಕೊಂಡಳು. ಚಹ ಬೇಕಾದವರು ಇಳಿದುಬಂದು ಮಾಡಿಕೊಳ್ಳಲಿ. ಅತ್ತಿಗೆಗೂ ಹೇಳಲಿಲ್ಲ.