ಡಾಂಬರು ಬಳಿದ ಕನ್ನಡದ ಸಾಲು

ಜುಲೈ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಮುಂಬಯಿ ಹೊರವಲಯದ ದಿವಾದ ಪೊಲೀಸ್ ಚೌಕಿಗೆ ಬಂದದ್ದು ಒಂದು ಗೋಡೆಯ ದೂರು. ದೂರುದಾರೆ ದಮಯಂತಿ, ರೈಲ್ವೆ ಹಳಿಯ ಪಕ್ಕದ ಚಾಳಿನಲ್ಲಿ ಬಾಲವಾಡಿ ನಡೆಸುವ ಟೀಚರ್. ಭಾನುವಾರ ಅವರೂ ನೆರೆಯ ಹೆಂಗಸರೂ ಸೇರಿ ಮಕ್ಕಳ ಹಕ್ಕುಗಳ ಬಗ್ಗೆ ಸಭೆ ನಡೆಸಿದ್ದರು. ಗಲ್ಲಿಯ ತುದಿಯ ಗೋಡೆಯ ಮೇಲೆ ಮಕ್ಕಳ ಕೈಯಲ್ಲೇ ಬಣ್ಣದ ಅಕ್ಷರ ಬರೆಸಿದ್ದರು. ಎರಡು ದಿನ ಕಳೆಯುವುದರೊಳಗೆ ಯಾರೋ ಅದಕ್ಕೆ ಡಾಂಬರು ಬಳಿದಿದ್ದರು.

ಹವಾಲ್ದಾರ್ ಜೈಭೀಮನಿಗೆ ನಗು ತಡೆಯಲಾಗಲಿಲ್ಲ. ಅವನ ತಂದೆ ಕಲಬುರಗಿಯಿಂದ ಮುಂಬಯಿ ಬಳಿಯ ಕಲ್ಯಾಣಕ್ಕೆ ಬಂದು ನೆಲೆಸಿದವರು.

"ಗ್ವಾಡಿಗಿ ಡಾಂಬರ್ ಬಡದಾರಂತ ಎಫ್‌ಐಆರ್ ಆಗ್ತದೇನ್ರಿ ಬಾಯಾರೆ? ಸಣ್ಣ ದೂರು ಅಂತ ಎನ್.ಸಿ. ಬರದು ಕಳಸೋಣ್ರಿ ಮೇಡಂ."

ಇನ್ಸ್‌ಪೆಕ್ಟರ್ ರಮಿತಾ ನಗಲಿಲ್ಲ. ಉಡುಪಿ ಕಡೆಯ ತಂದೆತಾಯಿಗೆ ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದವಳು ಆಕೆ. ದಮಯಂತಿಯ ಮುಖದಲ್ಲಿ ಬೇಸರಕ್ಕಿಂತ ಹೆಚ್ಚಿನದೇನೋ ಇರುವುದನ್ನು ಕಂಡಳು.

"ಪೂರ್ತಿ ಗೋಡೆಗೆ ಬಳಿದಿದ್ದಾರಾ?"

"ಇಲ್ಲ ಮೇಡಂ. ಮರಾಠಿ ಸಾಲು ಉಂಟು, ಹಿಂದಿಯದ್ದೂ ಉಂಟು. ಕನ್ನಡದ್ದು ಒಂದೇ ಇಲ್ಲ."

ರಮಿತಾ ಟೋಪಿ ಎತ್ತಿಕೊಂಡಳು. "ಜೈಭೀಮ, ಗಾಡಿ ತೆಗಿ."

ಗೋಡೆಯ ಬಳಿ ಮಳೆನೀರು ನಿಂತಿತ್ತು. ಮೂರು ಭಾಷೆಯಲ್ಲೂ ಬರೆದದ್ದು ಒಂದೇ ಮಾತು: ಮಕ್ಕಳನ್ನು ದುಡಿಸಿದರೆ, ಹೊಡೆದರೆ, ಶಾಲೆ ಬಿಡಿಸಿದರೆ ಈ ಸಂಖ್ಯೆಗೆ ಫೋನ್ ಮಾಡಿ. ಪ್ರತಿ ಸಾಲಿನ ಕೊನೆಗೂ ಮಕ್ಕಳ ಸಹಾಯವಾಣಿಯ ಸಂಖ್ಯೆ, 1098. ಮೊದಲೆರಡು ಸಾಲುಗಳ ಮೇಲೆ ಒಂದು ಹನಿಯೂ ಸಿಡಿದಿರಲಿಲ್ಲ. ಮೂರನೆಯದನ್ನು ಮಾತ್ರ ಅಕ್ಷರದ ನೆರಳೂ ಕಾಣದಂತೆ ಮುಚ್ಚಲಾಗಿತ್ತು.

"ಇದು ಪುಂಡರ ಕೆಲಸ ಅಲ್ಲ," ಎಂದಳು ರಮಿತಾ. "ಕನ್ನಡದ ಮೇಲಿನ ಸಿಟ್ಟೂ ಇರಲಿಕ್ಕಿಲ್ಲ. ಅಂಗಡಿಗಳ ಕನ್ನಡ ಬೋರ್ಡು ಹಾಗೇ ಇವೆ. ಟೀಚರ್, ಈ ಗಲ್ಲಿಯಲ್ಲಿ ಕನ್ನಡ ಓದುವ ಮಕ್ಕಳು ಯಾರಿದ್ದಾರೆ?"

"ಯಾರೂ ಇಲ್ಲ. ನಮ್ಮವರ ಮಕ್ಕಳು ಇಲ್ಲಿ ಮರಾಠಿ, ಇಲ್ಲದಿದ್ದರೆ ಇಂಗ್ಲಿಷ್ ಶಾಲೆಗೆ ಹೋಗುವುದು. ಕನ್ನಡ ಮಾತಾಡ್ತಾವೆ, ಓದಲಿಕ್ಕೆ ಬರುವುದಿಲ್ಲ. ನಾನೇ ಹಟ ಮಾಡಿ ಬರೆಸಿದ್ದು, ಚಂದಕ್ಕೆ ಇರಲಿ ಅಂತ."

"ಹಾಗಾದರೆ ಬರೀ ಕನ್ನಡ ಮಾತ್ರ ಓದಬಲ್ಲ ಮಗು ಒಂದು ಇಲ್ಲಿದೆ. ಅದು ಓದಬಾರದು ಅಂತ ಯಾರಿಗೋ ಅನಿಸಿದೆ."

ದಮಯಂತಿಯ ಕೈ ಬಾಯಿಗೆ ಹೋಯಿತು.

ಜೈಭೀಮ ಸಾಕ್ಷಿಗೆ ಪಂಚರನ್ನು ಕರೆತಂದ. ಗೋಡೆಯ ಪಂಚನಾಮೆ ನಡೆಯಿತು, ಡಾಂಬರಿನ ಮಾದರಿ ತೆಗೆಯಲಾಯಿತು. ಪಂಚರಲ್ಲಿ ಒಬ್ಬ ಎದುರಿನ ಕಿರಾಣಿ ಅಂಗಡಿಯ ಗುರುವಪ್ಪ.

"ಗುರುವಪ್ಪನವರೇ, ಈ ಗಲ್ಲಿಯಲ್ಲಿ ಡಾಂಬರು ಕೆಲಸ ಯಾರದ್ದು ನಡೀತಿತ್ತು?"

"ಕಿಟ್ಟಣ್ಣನದ್ದು. ಅಡಿಗೆ ಶೆಡ್ಡಿನ ಮಾಡು ಸೋರ್ತಿತ್ತು."

ಗೋಡೆಗೆ ಎದುರಾಗಿಯೇ ಇತ್ತು ಕಿಟ್ಟಣ್ಣನ ಶೆಡ್ಡು. ಥಾಣೆ, ಡೊಂಬಿವಲಿಯ ಹೋಟೆಲುಗಳಿಗೆ ದೋಸೆ ಹಿಟ್ಟು, ತುರಿದ ಕಾಯಿ, ಸುಲಿದ ಬೆಳ್ಳುಳ್ಳಿ ಹೋಗುತ್ತಿದ್ದದ್ದು ಇಲ್ಲಿಂದ. ಕಿಟ್ಟಣ್ಣ ಊರಿನವರಿಗೆಲ್ಲ ಬೇಕಾದ ಮನುಷ್ಯ. ಭಾನುವಾರದ ಸಭೆಗೆ ಉಪ್ಪಿಟ್ಟು, ಚಹಾ ಕಳಿಸಿದ್ದೂ ಅವನೇ. ಆ ಹೊತ್ತಿಗೆ ಶಟರು ಇಳಿದಿತ್ತು, ಹೊರಗಿನಿಂದ ಎರಡು ಬೀಗ. ಮೇಲೆ ಅಟ್ಟಕ್ಕೆ ಒಂದೇ ಒಂದು ಕಿಂಡಿ, ಅದಕ್ಕೂ ಸರಳು.

"ಒಳಗೆ ಯಾರಿದ್ದಾರೆ?"

"ಬೀಗ ಉಂಟಲ್ಲ ಮೇಡಂ, ಯಾರಿರ್ತಾರೆ?" ಗುರುವಪ್ಪ ನೆಲ ನೋಡುತ್ತ ಹೇಳಿದ.

ರಮಿತಾ ದಮಯಂತಿಯ ಕಡೆ ತಿರುಗಿದಳು. "ಟೀಚರ್, ಮುಚ್ಚಿಹೋದ ಸಾಲು ಜೋರಾಗಿ ಹೇಳಿ. ಆ ಕಿಂಡಿಗೆ ಕೇಳಿಸಬೇಕು."

ದಮಯಂತಿ ಗಂಟಲು ಸರಿಮಾಡಿಕೊಂಡು, ಬಾಲವಾಡಿಯಲ್ಲಿ ಹಾಡು ಹೇಳಿಕೊಡುವ ದನಿಯಲ್ಲಿ ಶುರು ಮಾಡಿದರು: "ಮಕ್ಕಳನ್ನು ದುಡಿಸಿದರೆ, ಹೊಡೆದರೆ, ಶಾಲೆ ಬಿಡಿಸಿದರೆ..." ಅಷ್ಟು ಹೇಳಿ ಕಿಂಡಿಯ ಕಡೆ ನೋಡಿದರು.

ಕಿಂಡಿಯಿಂದ ಒಂದು ಸಣ್ಣ ದನಿ ಮುಂದಿನದನ್ನು ಹೇಳಿತು.

"ಹತ್ತು, ಒಂಬತ್ತು, ಎಂಟು."

ಆ ದನಿಯ ಹಿಂದೆಯೇ ಇನ್ನೂ ಸಣ್ಣ ದನಿಗಳು, ಬಾಯಿಪಾಠ ಒಪ್ಪಿಸುವ ಹಾಗೆ: "ಹತ್ತು, ಒಂಬತ್ತು, ಎಂಟು." ಜೈಭೀಮನ ಮುಖದಲ್ಲಿ ಬೆಳಗಿನ ನಗುವಿನ ಗುರುತೂ ಉಳಿದಿರಲಿಲ್ಲ. "ಏ ದೇವರ..." ಎಂದವನೇ ಕಬ್ಬಿಣದ ಸರಳು ಹುಡುಕಲು ಓಡಿದ.

ಸಹಾಯವಾಣಿಗೂ ಮಕ್ಕಳ ಕಲ್ಯಾಣ ಸಮಿತಿಗೂ ತಿಳಿಸಿ, ಪಂಚರ ಎದುರಿನಲ್ಲೇ ಬೀಗ ಒಡೆಸಲಾಯಿತು. ಕೆಳಗೆ ಗ್ರೈಂಡರು, ಗ್ಯಾಸ್ ಸಿಲಿಂಡರು. ಏಣಿ ಹತ್ತಿದರೆ ಅಟ್ಟ. ಅಲ್ಲಿ ಬೆಳ್ಳುಳ್ಳಿ ಮೂಟೆಗಳ ನಡುವೆ ಐದು ಮಕ್ಕಳು ಕೂತಿದ್ದರು. ಕೆಳಗಿನ ಸಿಲಿಂಡರಿಗೆ ಬೆಂಕಿ ತಗುಲಿದ್ದರೆ ಈ ಐವರ ಗತಿ ಏನೆಂದು ಯೋಚಿಸುತ್ತ ರಮಿತಾ ಅವರನ್ನು ಒಬ್ಬೊಬ್ಬರಾಗಿ ಕೆಳಗಿಳಿಸಿದಳು.

ಅವರಲ್ಲಿ ದೊಡ್ಡವಳು ತೃಷಾ, ಹನ್ನೆರಡು ವರ್ಷ, ಕಾರ್ಕಳದ ಕಡೆಯವಳು. ಬೆಳ್ಳುಳ್ಳಿಯ ಖಾರಕ್ಕೆ ಅವಳ ಬೆರಳ ತುದಿಯ ಚರ್ಮ ಸುಲಿದು ಕೆಂಪಗಾಗಿತ್ತು. ರಮಿತಾ ಹೇಳಿಕೆ ಪಡೆಯುವಾಗ ದಮಯಂತಿ ಅವಳ ಪಕ್ಕದಲ್ಲೇ ಕೂತರು.

"ಇಲ್ಲಿಗೆ ಹೇಗೆ ಬಂದೆ ಮಗಾ?"

"ಮುಂಬಯಿಯಲ್ಲಿ ಶಾಲೆಗೆ ಹಾಕ್ತೇನೆ ಅಂತ ಹೇಳಿ ಕರ್ಕೊಂಡು ಬಂದದ್ದು. ಅಪ್ಪ ತೀರಿಹೋದ ಮೇಲೆ. ಅಮ್ಮ ಕಿಟ್ಟಣ್ಣನ ಕಾಲಿಗೆ ಬಿದ್ದಿದ್ರು, ಉಪಕಾರ ಆಯ್ತು ಅಂತ."

"ಶಾಲೆಗೆ ಹಾಕಿದ್ರಾ?"

ತೃಷಾ ಇಲ್ಲವೆಂದು ತಲೆಯಾಡಿಸಿದಳು. "ನಾಳೆ ನಾಳೆ ಅಂತ ಹೇಳ್ತಿದ್ರು."

"ಗೋಡೆಯ ಬರಹ ಯಾವಾಗ ನೋಡಿದೆ?"

"ಭಾನುವಾರವೇ. ಅಷ್ಟು ಸಮಯದ ಮೇಲೆ ಆ ಕಿಂಡಿಯಲ್ಲಿ ಕನ್ನಡ ಕಂಡದ್ದು. ಖುಷಿಯಾಯ್ತು. ಇವರಿಗೆಲ್ಲ ಓದಿ ಹೇಳಿಕೊಟ್ಟೆ. ಫೋನ್ ಇಲ್ಲ, ಆದ್ರೂ ಬಾಯಿಪಾಠ ಇರಲಿ ಅಂತ. ಸೋಮವಾರ ಕಿಟ್ಟಣ್ಣ ಕೇಳಿಸಿಕೊಂಡ್ರು."

"ಹೊಡೆದ್ರಾ?"

ಅವಳು ಲಂಗದ ಅಂಚನ್ನು ಸ್ವಲ್ಪವೇ ಎತ್ತಿ ಮೊಣಕಾಲ ಹಿಂದಿನ ಬಾಸುಂಡೆ ತೋರಿಸಿದಳು.

ಹೊರಗೆ ಬಂದಾಗ ಗುರುವಪ್ಪ ಇನ್ನೂ ಅಲ್ಲೇ ನಿಂತಿದ್ದ. ರಮಿತಾ ನೇರ ಅವನೆದುರು ಹೋಗಿ ನಿಂತಳು.

"ಈ ಮಕ್ಕಳನ್ನು ನೀವು ನೋಡಿರಲಿಲ್ವಾ?"

"ನೋಡಿದ್ದೆ. ಊರಿನ ಮಕ್ಕಳು, ರಜೆಗೆ ಬಂದದ್ದು ಅಂದಿದ್ರು ಮೇಡಂ."

"ರಜೆ ಯಾವಾಗ ಮುಗೀತು?"

ಗುರುವಪ್ಪ ಮತ್ತೆ ನೆಲ ನೋಡಿದ. ಕೊನೆಗೆ, ಸೋಮವಾರ ಸಂಜೆ ಡಾಂಬರಿನ ಡಬ್ಬಿ ಹಿಡಿದು ಗೋಡೆಯ ಬಳಿ ನಿಂತಿದ್ದ ಕಿಟ್ಟಣ್ಣನನ್ನು ಕಂಡಿದ್ದೆ ಎಂದು ಒಪ್ಪಿಕೊಂಡ. ಆ ಹೇಳಿಕೆಗೂ ಸಹಿ ಬಿತ್ತು. ಮಕ್ಕಳನ್ನು ಸಮಿತಿಯ ಮುಂದೆ ಹಾಜರುಪಡಿಸಿ, ವೈದ್ಯಕೀಯ ತಪಾಸಣೆಗೆ ಕಳಿಸಿ, ಬಾಲಕಾರ್ಮಿಕ ನಿಷೇಧ, ಬಾಲನ್ಯಾಯ ಕಾಯ್ದೆಗಳಡಿ, ಅಕ್ರಮ ಬಂಧನದ ಕಲಮು ಸೇರಿಸಿ ಎಫ್‌ಐಆರ್ ದಾಖಲಿಸಲಾಯಿತು.

ಸಂಜೆ ನಾಲ್ಕಕ್ಕೆ ನವಿ ಮುಂಬಯಿ ಕೋಪರಖೈರಣೆಯ ತನ್ನ ಫ್ಲಾಟಿನಲ್ಲಿ ಕಿಟ್ಟಣ್ಣ ಸಿಕ್ಕ. ಬಾಗಿಲಲ್ಲಿ ಅವನ ಚಪ್ಪಲಿ ಇತ್ತು, ಅಂಚಿಗೆ ಡಾಂಬರು ಅಂಟಿತ್ತು. ಪಕ್ಕದಲ್ಲೇ ಮೊಮ್ಮಗಳ ಶಾಲೆಯ ಬೂಟು, ಪಾಲಿಶ್ ಹಾಕಿ ಹೊಳೆಯಿಸಿದ್ದು. ರಮಿತಾ ಆ ಬೂಟನ್ನು ನೋಡುತ್ತ ಒಂದು ಗಳಿಗೆ ನಿಂತಳು. ಕೈ ಎತ್ತಬಾರದೆಂದು ತನಗೆ ತಾನೇ ಹೇಳಿಕೊಳ್ಳಬೇಕಾಯಿತು.

"ನೀವು ಊರಿನವರಲ್ವಾ ಮೇಡಂ?" ಕಿಟ್ಟಣ್ಣ ಎದ್ದು ನಿಂತ. "ಕೂತ್ಕೊಳ್ಳಿ, ಚಾ ಕುಡೀರಿ. ಮಾತಾಡುವ."

"ಚಪ್ಪಲಿ ಸೀಲ್ ಮಾಡು ಜೈಭೀಮ. ಕಿಟ್ಟಣ್ಣ, ಐದು ಮಕ್ಕಳನ್ನು ಬೀಗ ಹಾಕಿ ದುಡಿಸಿದ ಆರೋಪದ ಮೇಲೆ ನಿಮ್ಮನ್ನು ಬಂಧಿಸ್ತಿದ್ದೇವೆ. ಹೊರಡಿ."

ಅವನನ್ನು ಚೌಕಿಗೆ ತಂದು ಕೂರಿಸಿದ ಸ್ವಲ್ಪ ಹೊತ್ತಿನಲ್ಲೇ ಊರಿನವರ ಸಂಘದ ಕಾರ್ಯದರ್ಶಿ ಪುಂಡರೀಕಾಕ್ಷ ಇನ್ನಿಬ್ಬರೊಂದಿಗೆ ಬಂದ. ಬಿಳಿ ಅಂಗಿ, ಮೆಲುದನಿ.

"ಬಡ ಮಕ್ಕಳಿಗೆ ಅನ್ನ ಹಾಕಿದವ ಮೇಡಂ ಅವ. ನಮ್ಮ ಹಿರಿಯರೆಲ್ಲ ಹೀಗೇ ಬಂದು, ಲೋಟ ತೊಳೆದು ಮೇಲೆ ಬಂದವರು. ಮೊನ್ನೆ ನಾವೇ ಅವನಿಗೆ ಶಾಲು ಹೊದೆಸಿದ್ದು. ಪೇಪರಿನಲ್ಲಿ ಬಂದರೆ ಸಮಾಜದ ಮರ್ಯಾದೆ ಹೋಗ್ತದೆ. ನೀವೂ ನಮ್ಮವರೇ ಅಲ್ವಾ?"

"ಆ ಅಟ್ಟದ ಮೇಲಿದ್ದವರು ಯಾರವರು?"

ಪುಂಡರೀಕಾಕ್ಷ ಜೊತೆಗೆ ಬಂದವರ ಮುಖ ನೋಡಿದ.

"ಹೇಳಿ ಸಾರ್. ಕಾರ್ಕಳದ ತೃಷಾ ಯಾರವಳು? ಅವಳ ಬೆರಳು ನೋಡಿದ್ರಾ? ನಿಮ್ಮಲ್ಲಿ ಒಬ್ಬರೂ ಆ ಮಕ್ಕಳನ್ನು ನೋಡಲಿಕ್ಕೆ ಬರಲಿಲ್ಲ. ಊಟ ಆಯ್ತಾ ಅಂತ ಒಬ್ಬರೂ ಕೇಳಲಿಲ್ಲ. ಬಂದದ್ದು ಇವನನ್ನು ಬಿಡಿಸಲಿಕ್ಕೆ." ಅವಳ ದನಿ ಏರಿ ಇಡೀ ಚೌಕಿ ತಿರುಗಿ ನೋಡಿತು. "ಮರ್ಯಾದೆ ಪೇಪರಿನಲ್ಲಿ ಹೋಗುವುದಲ್ಲ. ಆ ಬೀಗ ಹಾಕಿದ ದಿನವೇ ಹೋಗಿದೆ. ಬಾಗಿಲು ಆ ಕಡೆ."

ಅವರು ಹೋದ ಮೇಲೆ ಜೈಭೀಮ ನೀರು ತಂದಿಟ್ಟ.

ವಿಚಾರಣೆಯಲ್ಲಿ ಕಿಟ್ಟಣ್ಣ ಯಾವುದನ್ನೂ ಅಲ್ಲಗಳೆಯಲಿಲ್ಲ. ಅವನಿಗೆ ಅದು ತಪ್ಪೆಂದೇ ತೋರಿದಂತಿರಲಿಲ್ಲ.

"ನಾನೂ ಹೀಗೇ ಬಂದದ್ದು ಮೇಡಂ. ಒಂಬತ್ತು ವರ್ಷಕ್ಕೆ. ಕ್ಯಾಂಟೀನಿನಲ್ಲಿ ಲೋಟ ತೊಳೀತಿದ್ದೆ, ಅಲ್ಲೇ ಮೇಜಿನ ಕೆಳಗೆ ಮಲಗ್ತಿದ್ದೆ. ಸೇಟು ಹೊಡೀತಿದ್ದ. ಅದ್ರಿಂದಲೇ ನಾನು ಮನುಷ್ಯ ಆದದ್ದು."

"ಅಳ್ತಿರಲಿಲ್ವಾ?"

"ಮಕ್ಕಳಲ್ವಾ, ಅಳ್ತಾವೆ."

"ಮಕ್ಕಳದ್ದು ಕೇಳಲಿಲ್ಲ. ನಿಮ್ಮದು ಕೇಳಿದೆ."

ಅವನು ಮೇಜಿನ ಮೇಲಿದ್ದ ಕೈ ಹಿಂದಕ್ಕೆಳೆದುಕೊಂಡ. "ಅಳ್ತಿದ್ದೆ. ಲೋಟ ತೊಳೆಯುವ ಮೋರಿಯಲ್ಲಿ, ನಳ ಜೋರು ಬಿಟ್ಟು."

"ಆಗ ಯಾರಾದರೂ ಬಂದು, ಮಗಾ, ಮನೆಗೆ ಹೋಗ್ತೀಯಾ ಅಂತ ಕೇಳಿದ್ದರೆ?"

ಹೊರಗೆ ಕಲ್ಯಾಣದ ಫಾಸ್ಟ್ ಲೋಕಲ್ ಧಡಧಡನೆ ಹಾದುಹೋಯಿತು.

"ಓಡ್ತಿದ್ದೆ," ಎಂದ ಕಿಟ್ಟಣ್ಣ. "ಹಿಂದೆ ತಿರುಗಿ ನೋಡ್ತಿರಲಿಲ್ಲ."

"ಅಂದ್ರೆ ನಿಮಗೆ ಗೊತ್ತಿತ್ತು," ಎಂದಳು ರಮಿತಾ. "ಡಾಂಬರು ಹಿಡಿದು ನಿಂತಾಗ, ಒಳಗಿರುವವರಿಗೆ ಏನು ಬೇಕು ಅಂತ ಈ ಗಲ್ಲಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ನಿಮಗೊಬ್ಬರಿಗೇ ಗೊತ್ತಿತ್ತು."

ಜೈಭೀಮ ಲಾಕಪ್ಪಿನ ಬಾಗಿಲು ತೆರೆದ.