ಕೀಲಿ ಹಾಕಿದ ಹಾಡು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅವ್ವ ಹೇಳುತ್ತಾಳೆ. ಆವತ್ತು ಅದು ಮೂಗನ್ನೂ ದಾಟಿ ಬೀದರಿನ ಒಂದು ಆಡಿಯೋ ಅಂಗಡಿಯ ಕೌಂಟರಿನ ಮೇಲೆ ಬಂದು ಕೂತಿತ್ತು.

“ಡೌನ್‌ಲೋಡ್ ಆಗ್ಯದ ಅಂತ ಹಸರ ಗುರುತು ತೋರಸ್ಲತ್ತದ ನೋಡ್ರಿ. ಮತ್ತ ಪೆನ್ ಡ್ರೈವಿಗೆ ಯಾಕ ಬರಂಗಿಲ್ಲ?”

ಕೌಂಟರಿನ ಆಚೆ ಇದ್ದವನು ಬಿಚ್ಚಿಟ್ಟ ಆಂಪ್ಲಿಫೈಯರಿನೊಳಗೆ ತಲೆ ಹುದುಗಿಸಿ ಬೆಸುಗೆ ಹಾಕುತ್ತಿದ್ದ. ತಲೆ ಎತ್ತಿ ನೋಡಿದ. ಹೆಣ್ಣುಮಕ್ಕಳು ಹೊಟ್ಟೆಕಿಚ್ಚು ಪಡುವಷ್ಟು ಉದ್ದದ ರೆಪ್ಪೆಗಳು. ಸಿಟ್ಟಿನಲ್ಲಿದ್ದರೂ ಅದು ನನಗೆ ಕಂಡಿತು, ಸುಳ್ಳು ಯಾಕೆ ಹೇಳಲಿ.

“ಇಳದದ್ರಿ ಮೇಡಂ, ಖರೆ. ಆದ್ರ ಕೀಲಿ ಹಾಕ್ಕೊಂಡು ಇಳದದ. ಪೆನ್ ಡ್ರೈವಿಗೆ ಹಾಕಿದ್ರ ಹಾಡ ಹತ್ತಂಗಿಲ್ಲ.”

“ನನ್ನ ಫೋನಿನಾಗ ಇದ್ದದ್ದು ನಂದೇ ಅಲ್ಲೇನ್ರಿ?”

“ಬ್ಯಾಂಕಿನವರು ಒಂದು ಲಾಕರ್ ತಂದು ನಿಮ್ಮ ಮನಿಯಾಗ ಇಟ್ಟಾರ ಅಂತ ತಿಳ್ಕೋರಿ. ಪೆಟ್ಟಿಗಿ ನಿಮ್ಮ ಕಡಿ, ಚಾವಿ ಅವರ ಕಡಿ. ಆ್ಯಪ್ ಒಳಗ ಎಷ್ಟ ಸಲಾ ಬೇಕಾದ್ರ ಕೇಳ್ರಿ. ಹೊರಗ ಒಯ್ಯಲಾಕ ಬರಂಗಿಲ್ಲ.”

ಇಷ್ಟು ಸಮಾಧಾನದಿಂದ ಮಾತಾಡುವವರನ್ನು ಕಂಡರೆ ನನಗೆ ಇನ್ನಷ್ಟು ರೇಗುತ್ತದೆ. ನಾನು ಔರಾದಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಊರು ಭಾಲ್ಕಿ, ಬೀದರಿನಲ್ಲಿ ಒಂದು ರೂಮು, ದಿನಾ ಔರಾದಿಗೆ ಬಸ್ಸು. ತಿಳಿಸಿ ಹೇಳುವುದು ನನ್ನ ಕೆಲಸ, ಕೇಳಿಸಿಕೊಳ್ಳುವುದಲ್ಲ.

ಆ ಹಾಡನ್ನು ನನಗೆ ತೋರಿಸಿದವಳು ನಮ್ಮ ಸಾಲಿಯ ಆಯೆಶಾ ಟೀಚರ್. “ಮಹಾಮಾಯಾ, ನಿನ್ನ ಬಸ್ಸಿನ ಮ್ಯಾಲ ಯಾರೋ ಹಾಡ ಕಟ್ಟ್ಯಾರ ನೋಡ” ಎಂದು ಮೊಬೈಲು ಮುಂದೆ ಹಿಡಿದಿದ್ದಳು.

ಔರಾದ ಗಾಡಿ ಹತ್ಯಾಳ ನೋಡೋ
ಕಿಡಕಿ ಬಾಜೂಕ ಕುಂತಾಳ ನೋಡೋ
ಗಾಳೀಗಿ ಹಾರೋ ಕೂದಲ ಹಿಡದು
ಯಾರ ನೆನಪೀಗೊ ನಕ್ಕಾಳ ನೋಡೋ

ಒಂದು ಗಿಟಾರು, ಒಂದು ಗಂಡು ದನಿ, ಅಷ್ಟೇ. ಗಾಯಕನ ಹೆಸರಿನ ಜಾಗದಲ್ಲಿ ‘ಪಂಢರಿ’ ಎಂದಿತ್ತು. ಫೋಟೋ ಇಲ್ಲ, ಊರಿಲ್ಲ. ಆ ದನಿ ನನ್ನನ್ನು ಹಿಡಿದುಕೊಂಡುಬಿಟ್ಟಿತು. ಬೆಳಿಗ್ಗೆ ಬಸ್ಸಿನಲ್ಲಿ, ಮಧ್ಯಾಹ್ನ ಡಬ್ಬಿ ಬಿಚ್ಚುವಾಗ, ಸಂಜೆ ಅಕ್ಕಿ ತೊಳೆಯುವಾಗ ಅದೇ ಬೇಕು. ಅದು ಪ್ರೀತಿ ಎಂದು ನನಗೆ ಗೊತ್ತಿತ್ತು. ಪಂಢರಿ ಎಂದರೆ ನಮ್ಮ ಅಪ್ಪನ ಓರಗೆಯವರ ಹೆಸರು, ಮನುಷ್ಯನಿಗೆ ಅರವತ್ತಾದರೂ ಆಗಿರಬೇಕು ಎಂಬುದೂ ಗೊತ್ತಿತ್ತು. ಏನು ಮಾಡುವುದು? ದನಿಗೆ ವಯಸ್ಸು ಬರೆದಿರುವುದಿಲ್ಲವಲ್ಲ.

ಈಗ ಆ್ಯಪಿನಲ್ಲಿ ಹಾಡಿನ ಕೆಳಗೆ ಸಣ್ಣಕ್ಷರದಲ್ಲಿ ಬರತೊಡಗಿತ್ತು: ಈ ತಿಂಗಳ ಮೂವತ್ತರ ನಂತರ ಲಭ್ಯವಿಲ್ಲ. ಅದು ಹೋಗುವ ಮೊದಲು ಹೇಗಾದರೂ ಉಳಿಸಿಕೊಳ್ಳಬೇಕೆಂದು ನಾನು ಈ ಅಂಗಡಿಗೆ ಬಂದಿದ್ದೆ.

“ಹಾಡ ಬರೋ ತೂತಿಗೆ ವಾಯರ್ ಹಾಕಿ ರೆಕಾರ್ಡ್ ಮಾಡ್ರಿ ಹಂಗಾರ” ಎಂದೆ.

ಅವನು ನನ್ನ ಫೋನನ್ನು ತಿರುಗಿಸಿ ಮುರುಗಿಸಿ ನೋಡಿ ನಕ್ಕ. “ಈಗಿನ ಫೋನಿಗಿ ಆ ತೂತೇ ಇಲ್ರಿ. ಚಾರ್ಜಿಂಗ್ ಪೋರ್ಟಿನಿಂದನೇ ಹಾಡು ಡಿಜಿಟಲ್ ಆಗಿ ಹೊರಗ ಬರ್ತದ. ಹೊರಗಿನ ಡಬ್ಬಿ ಅದನ್ನ ದನಿ ಮಾಡ್ತದ. ಕೇಳಲಾಕ ಛಲೋ. ಕದಿಯೋ ಕೆಲಸ ನಾ ಮಾಡಂಗಿಲ್ರಿ. ಯಾರೋ ಕಷ್ಟಪಟ್ಟು ಹಾಡಿರ್ತಾರ.”

“ಕಷ್ಟಪಟ್ಟು ಹಾಡಿ, ಮತ್ತ ತಾವೇ ತಗದ ಹಾಕೋದು! ಎಂಥಾ ಜಿಪುಣ ಮನಷ್ಯಾ ಅಂವ!” ಎಂದವಳು, ಗಾಯಕನನ್ನು ಬೈದದ್ದಕ್ಕೆ ನನಗೇ ಕೆಡುಕೆನಿಸಿ, “ಆದ್ರ ಅಂಥಾ ದನಿ ಇದ್ದಂವ ಎಷ್ಟ ಚೆಲುವ ಇರಬೇಕು” ಎಂದೂ ಸೇರಿಸಿದೆ.

ಅವನ ಕೈಯಲ್ಲಿದ್ದ ಸೋಲ್ಡರಿಂಗ್ ಕಡ್ಡಿ ಅಂಗಿಯ ತೋಳಿಗೆ ತಾಗಿ ಚುರ್ ಎಂದಿತು. ಅವನು ಹಾರಿ ನಿಂತ.

“ದೋ ಪಾನೀ ಕಮ್!” ಎಂದು ಯಾರೋ ನನ್ನ ಬೆನ್ನ ಹಿಂದೆಯೇ ಕೂಗಿದಾಗ ನಾನೂ ಹಾರಿ ಬಿದ್ದೆ. ಪಕ್ಕದ ಹೋಟೆಲಿನ ರಶೀದ ಅಹ್ಮದ ಚಾಚಾ ಒಳಗಿನವರಿಗೆ ನೀರು ಕಡಿಮೆ ಹಾಕಿದ ಗಟ್ಟಿ ಚಹಾ ಎರಡು ಹೇಳಿದ್ದರು.

“ಒಂದು ನಿಮಗ ಹೇಳ್ಯಾರ. ಕುಡದು ಹೋಗ್ರಿ, ಸಿಟ್ಟ ಇಳೀತದ” ಎಂದ ಅವನು, ತೋಳಿಗೆ ಉಫ್ ಎಂದು ಊದುತ್ತ.

“ನನ್ನ ಸಿಟ್ಟಿಗೂ ಕೀಲಿ ಅದ. ಹಂಗ ಇಳಿಯಂಗಿಲ್ಲ” ಎಂದು ಹೊರಟೆ. ಬಾಗಿಲಲ್ಲಿ ತಿರುಗಿ ನೋಡಬಾರದಿತ್ತು. ನೋಡಿದೆ. ಅವನೂ ನೋಡುತ್ತಿದ್ದ.

ಆಮೇಲೆ ಆ ಅಂಗಡಿಗೆ ಹೋಗಲು ನನಗೆ ಬಹಳ ಕಾರಣಗಳು ಸಿಕ್ಕವು. ಒಂದು ದಿನ ಚಾರ್ಜರು, ಇನ್ನೊಂದು ದಿನ ಇಯರ್‌ಫೋನು, ಮತ್ತೊಂದು ದಿನ ಏನೂ ಕೆಟ್ಟಿರದ ರೇಡಿಯೋ. ಅವನ ಹೆಸರು ಕೈಲಾಶ, ಊರು ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿ ಎಂದು ತಿಳಿಯಿತು. ಅವನು ನನ್ನನ್ನು ‘ಔರಾದ ಮೇಡಂ’ ಎಂದು ಕರೆಯುತ್ತಿದ್ದ. ಮಾತು ಕಡಿಮೆ. ರೇಡಿಯೋ ಬಿಚ್ಚಿ, ಮತ್ತೆ ಮುಚ್ಚಿ, “ಇದಕ್ಕ ಏನೂ ಆಗಿಲ್ರಿ” ಎಂದು ಕಣ್ಣಲ್ಲೇ ನಗುತ್ತಿದ್ದ.

ನನ್ನ ಫಜೀತಿ ಯಾರಿಗೆ ಹೇಳಲಿ? ಕಿವಿ ಒಬ್ಬನ ಕಡೆ, ಕಣ್ಣು ಇನ್ನೊಬ್ಬನ ಕಡೆ. ಮನೆಗೆ ಬಂದು ಹಾಡು ಹಚ್ಚಿದರೆ ಆ ದನಿಗೆ ಈ ರೆಪ್ಪೆಗಳು ಬಂದು ಅಂಟಿಕೊಳ್ಳುತ್ತಿದ್ದವು. ಅರವತ್ತರ ಪಂಢರಿಗೆ ಮೋಸ ಮಾಡುತ್ತಿದ್ದೇನೆ ಎಂದು ಒಂದು ಕ್ಷಣ ನಾಚಿಕೆಯಾಗುತ್ತಿತ್ತು, ಮರುಕ್ಷಣ ನಗು ಬರುತ್ತಿತ್ತು.

ಇಪ್ಪತ್ತೊಂಬತ್ತನೇ ತಾರೀಖು ಭಾನುವಾರ ಬಂತು. ಮಧ್ಯಾಹ್ನವೇ ಹೋದೆ.

“ನಾಳಿ ಒಂದೇ ದಿನ ಉಳದದ. ನಾಡದ ಹಾಡು ಇರಂಗಿಲ್ಲ. ಒಂದೇ ಒಂದ ಸಲಾ ನಿಮ್ಮ ದೊಡ್ಡ ಸ್ಪೀಕರಿನಾಗ ಕೇಳಸ್ರಿ. ಕದಿಯೋದು ಬ್ಯಾಡ, ಕೇಳೋದು ತಪ್ಪಲ್ಲ ಅಂತ ನೀವೇ ಅಂದೀರಿ.”

“ಡಬ್ಬಿ ಕೆಟ್ಟದ್ರಿ.”

“ಅದರ ಮ್ಯಾಲ ಲೈಟ್ ಹತ್ಯದಲ್ರಿ.”

“ಲೈಟ್ ಅಷ್ಟೇ ಹತ್ತತದ್ರಿ.”

ನಾನು ಒಂಬತ್ತನೇ ಕ್ಲಾಸಿನ ಹುಡುಗರನ್ನು ನೋಡುವ ಹಾಗೆ ನೋಡಿದೆ. ಅವನು ಸೋತು ಕೇಬಲ್ ತೆಗೆದ. ಒಂದು ತುದಿ ನನ್ನ ಫೋನಿಗೆ, ಇನ್ನೊಂದು ತುದಿ ಬೆಂಕಿಪೊಟ್ಟಣದಷ್ಟಿರುವ ಡಬ್ಬಿಗೆ, ಅಲ್ಲಿಂದ ಆಂಪ್ಲಿಫೈಯರಿಗೆ. ಹಾಡು ಒತ್ತಿ, ತಟ್ಟನೆ ಬೆನ್ನು ತಿರುಗಿಸಿ, ಆಗಲೇ ಒರೆಸಿಟ್ಟಿದ್ದ ಕಪಾಟನ್ನು ಮತ್ತೆ ಒರೆಸತೊಡಗಿದ.

ನನ್ನ ಫೋನಿನ ಪುಟ್ಟ ಸ್ಪೀಕರು ಇಷ್ಟು ದಿನ ನನ್ನಿಂದ ಏನೇನು ಮುಚ್ಚಿಟ್ಟಿತ್ತು ಎಂದು ಆಗ ತಿಳಿಯಿತು. ಹಾಡುವವನು ಸಾಲಿನ ಮೊದಲು ಉಸಿರೆಳೆದುಕೊಳ್ಳುವುದು ಕೇಳಿಸಿತು. ತಂತಿಯ ಮೇಲೆ ಬೆರಳು ಜಾರಿದ್ದು ಕೇಳಿಸಿತು. ‘ನಕ್ಕಾಳ’ ಎನ್ನುವಾಗ ಅವನೂ ಸ್ವಲ್ಪ ನಕ್ಕಿದ್ದ. ನನ್ನ ಮೈ ಜುಮ್ಮೆಂದಿತು.

ಎರಡನೇ ನುಡಿ ಮುಗಿದು ಗಿಟಾರು ಒಂದು ಗಳಿಗೆ ಸುಮ್ಮನಾದಲ್ಲಿ, ಬಹಳ ದೂರದಿಂದ, ಬಹಳ ಮೆಲ್ಲಗೆ ಕೇಳಿಸಿತು: “ದೋ ಪಾನೀ ಕಮ್!”

ನಾನು ಹೊರಗೆ ನೋಡಿದೆ. ರಶೀದ ಚಾಚಾ ಸ್ಟೂಲಿನ ಮೇಲೆ ಕೂತು ಬಾಯಿ ಮುಚ್ಚಿಕೊಂಡು ಶುಂಠಿ ಹೆರೆಯುತ್ತಿದ್ದರು.

ಹಾಡನ್ನು ಹಿಂದಕ್ಕೆ ಎಳೆದೆ. ಮತ್ತೆ ಅದೇ ಜಾಗ. “ದೋ ಪಾನೀ ಕಮ್!” ಚಾಚಾ ಇನ್ನೂ ಬಾಯಿ ಬಿಟ್ಟಿರಲಿಲ್ಲ.

“ಕೈಲಾಶ ಅವರೇ, ಇಲ್ಲಿ ನೋಡ್ರಿ. ಈ ಹಾಡು ಇದೇ ಅಂಗಡಿಯಾಗ ರೆಕಾರ್ಡ್ ಆಗ್ಯದ. ಪಂಢರಿ ಅನ್ನೋರು ಇಲ್ಲಿಗಿ ಬರ್ತಾರೇನು?”

“ಹಬ್ಬಕ್ಕೊಮ್ಮಿ ಬರ್ತಾರ್ರಿ” ಎಂದ ಕಪಾಟಿಗೆ. “ನಮ್ಮ ಅಪ್ಪಾರು.”

“ನಿಮ್ಮ ಅಪ್ಪಾರು ಹಿಂಗ ಹಾಡ್ತಾರ?”

“ಅವರು ದನಿ ತಗದ್ರ ಎಮ್ಮಿ ಹಗ್ಗ ಹರಕೊಂಡು ಓಡ್ತದ್ರಿ.”

ಅಷ್ಟರಲ್ಲಿ ತಮ್ಮ ದನಿ ಕೇಳಿ ಚಾಚಾ ಶುಂಠಿಯೊಡನೆ ಬಾಗಿಲಿಗೆ ಬಂದಿದ್ದರು. “ಅರೆ ಬೇಟಾ, ಹಾಡಿದಂವ ಇಂವನೇ! ಮಧ್ಯಾಹ್ನ ಶಟರ್ ಅರ್ಧಾ ಇಳಸಿ ಹಾಡ್ತಿದ್ದ. ನಾ ಸುಮ್ಮ ಇರಬೇಕಂತ ಕೈ ಮುಗದಿದ್ದ. ಗಿರಾಕಿ ಬಂದ್ರ ಹ್ಯಾಂಗ ಸುಮ್ಮ ಇರ್ಲಿ? ಮೇರಾ ಆವಾಜ್ ಭೀ ಆಯಾ ಕ್ಯಾ? ಫಿರ್ ಸೇ ಲಗಾ!”

ಅವರಿಗಾಗಿ ಮೂರು ಸಲ ಹಚ್ಚಬೇಕಾಯಿತು. ತಮ್ಮ ದನಿ ಮೊಬೈಲಿನ ಆ್ಯಪಿನಲ್ಲಿದೆ ಎಂದು ಇಡೀ ಹೋಟೆಲಿಗೆ ಸಾರಲು ಅವರು ಓಡಿದ ಮೇಲೆ ಅಂಗಡಿಯಲ್ಲಿ ನಾವಿಬ್ಬರೇ ಉಳಿದೆವು.

ಕೈಲಾಶ ಕೊನೆಗೂ ತಿರುಗಿದ. ಕಿವಿಗಳು ಕೆಂಪಾಗಿದ್ದವು.

“ಹಾಡ ಹಾಕೋ ಫಾರ್ಮಿನಾಗ ಮುಖ್ಯ ಕಲಾವಿದರ ಹೆಸರು ಅಂತ ಇತ್ರಿ. ರೇಶನ್ ಕಾರ್ಡಿನಾಗ ಮನಿಗಿ ಮುಖ್ಯ ಯಾರಂತ ಕೇಳ್ತಾರಲ್ರಿ, ಹಂಗೇ ತಿಳಕೊಂಡೆ. ಅಪ್ಪಾ ಇರೋತನಕ ಮುಖ್ಯ ಅವರೇ ಅಲ್ಲೇನ್ರಿ? ಪಂಢರಿ ಅಂತ ಬರದೆ. ಹಿಂದಿನ ತಿಂಗಳ ಒಂದು ಲಗ್ನದಾಗ ಜನ ಅಪ್ಪಾರ ಕೈಯಾಗ ಮೈಕ್ ಕೊಟ್ಟು ಹಾಡ್ರಿ ಅಂತ ಗಂಟ ಬಿದ್ದಾರ. ಅವರು ಬುದ್ಧ ವಂದನಾ ಹೇಳಿ ಕೆಳಗ ಇಳದಾರ. ಅದಕ್ಕೇ ತಗದು, ಸರಿ ಹೆಸರಿನಿಂದ ಮತ್ತ ಹಾಕಬೇಕಂತ ಮಾಡೀನಿ.”

ನಗು ತಡೆಯಲಾಗಲಿಲ್ಲ. ನಗುತ್ತಲೇ ಸಿಟ್ಟೂ ಬಂತು. “ಹಾಡ ನಿಮ್ಮದೇ ಇದ್ದ ಮ್ಯಾಲ ಮೊದಲನೇ ದಿನಾನೇ ಒಂದು ಕಾಪಿ ಕೊಡಲಾಕ ಏನಾಗಿತ್ತು? ಲಾಕರ್ ಅಂತ, ಚಾವಿ ಅಂತ ನನಗ ಪಾಠ ಮಾಡಿದ್ರಿ!”

“ಕೊಟ್ಟಿದ್ರ ನಾನೇ ಹಾಡೀನಿ ಅಂತ ಹೇಳಬೇಕಾಗ್ತಿತ್ತು.” ಅವನು ಕೇಬಲನ್ನು ಬೆರಳಿಗೆ ಸುತ್ತುತ್ತಿದ್ದ. “ಆ ದನಿ ಇದ್ದಂವ ಎಷ್ಟ ಚೆಲುವ ಇರಬೇಕು ಅಂದ್ರಿ. ನಾ ದಿನಾ ಕನ್ನಡಿ ನೋಡ್ತೇನ್ರಿ. ಇಡೀ ಆ್ಯಪಿನಾಗ ನನ್ನ ಹಾಡ ಮನಸಿಟ್ಟು ಕೇಳೋರು ಒಬ್ಬರೇ ಇದ್ರು. ಯಾವ ಊರಾಗ ಎಷ್ಟ ಮಂದಿ ಕೇಳ್ಯಾರ ಅಂತ ತೋರಸ್ತದ್ರಿ ಅದು. ಔರಾದ, ಒಬ್ಬರು, ದಿನಾ ಎಂಟು ಸಲಾ. ಯಾರೋ ಬಸ್ಸಿನ ಡ್ರೈವರ್ ಇರಬೇಕು ಅನ್ಕೊಂಡಿದ್ದೆ. ನೀವು ಬಂದು, ದಿನಾ ಔರಾದ ಬಸ್ಸಿನಾಗ ಇದೇ ಹಾಡ ಕೇಳ್ತೇನಿ ಅಂತ ಕೌಂಟರ್ ಬಡದ ದಿನಾ ಗೊತ್ತಾತು. ಆ ಒಬ್ಬರೂ ಕೈ ಬಿಟ್ಟು ಹೋದ್ರ ಅಂತ ಹೆದರಿಕಿ ಆತ್ರಿ.”

ಇಷ್ಟು ಮಾತನ್ನು ಅವನು ಒಟ್ಟಿಗೆ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅದೇ ದನಿ. ಮೊದಲ ದಿನ ನನ್ನ ಸಿಟ್ಟಿನಲ್ಲಿ ಅದು ಕೇಳಿಸಿರಲಿಲ್ಲ; ಆಮೇಲೆ ಎರಡೇ ಮಾತಾಡಿ ನನ್ನಿಂದ ಅಡಗಿಸಿಟ್ಟಿದ್ದ ಕಳ್ಳ.

ಆದರೆ ನನ್ನ ಎದೆಯಲ್ಲಿ ಒಂದು ಮುಳ್ಳು ಇನ್ನೂ ಇತ್ತು. ಕೇಳದೆ ಬಿಡುವವಳಲ್ಲ ನಾನು.

“ಕಿಡಕಿ ಬಾಜೂಕ ಕುಂತಾಕಿ ಯಾರು?”

“ಯಾರೂ ಇಲ್ರಿ.”

“ಖರೆ ಹೇಳ್ರಿ.”

“ಖರೇನೇ. ಔರಾದಿಗಿ ಒಂದು ಸ್ಪೀಕರ್ ರಿಪೇರಿಗಿ ಹೋಗಿದ್ದೆ. ನನ್ನ ಮುಂದಿನ ಸೀಟು ಖಾಲಿ ಇತ್ತು. ಗಾಳಿ ಛಲೋ ಬರ್ಲತ್ತಿತ್ತು. ಯಾರರೇ ಕುಂತಿದ್ರ ಹ್ಯಾಂಗ ಇರ್ತಿತ್ತು ಅಂತ ಹಾಡ ಕಟ್ಟಿದೆ.” ಅವನು ರೆಪ್ಪೆ ಎತ್ತಿ ನೇರವಾಗಿ ನೋಡಿದ. “ಆವಾಗ ಯಾರೂ ಇದ್ದಿಲ್ರಿ. ಈಗ ಹಾಡಲಾಕ ಹೋದ್ರ ನೀವೇ ಬಂದು ಕೂಡ್ತೀರಿ. ಏಳು ಅಂದ್ರ ಏಳಂಗಿಲ್ಲ.”

“ನಿಮ್ಮ ಸಲುವಾಗೇ ಬರದೀನಿ” ಎಂದು ಅವನು ಸುಳ್ಳು ಹೇಳಿದ್ದರೆ ನಾನು ಎದ್ದು ಹೋಗುತ್ತಿದ್ದೆನೋ ಏನೋ. ಹೇಳಲಿಲ್ಲ. ಅಲ್ಲಿಗೆ ನನ್ನ ಕಿವಿಯ ಮನುಷ್ಯ ಮತ್ತು ಕಣ್ಣಿನ ಮನುಷ್ಯ ಇಬ್ಬರೂ ಒಬ್ಬನೇ ಆದರು. ಅಳು ಬರುವಷ್ಟು ಸಂತೋಷವಾಯಿತು.

ಮರೆಮಾಡಲು ಕೈ ಚಾಚಿದೆ. “ಫಾರ್ಮ್ ಕೊಡ್ರಿ ಇಲ್ಲಿ. ಈ ಸಲಾ ನಾ ತುಂಬ್ತೇನಿ. ಇಲ್ಲಂದ್ರ ಈ ಸಲಾ ನಿಮ್ಮ ಅಜ್ಜನ ಹೆಸರು ಬರೀತೀರಿ.”

ಅವನು ಫೋನು ಕೊಟ್ಟ. ನಾನು ಟೈಪು ಮಾಡುತ್ತ ಹೋದೆ. ಮುಖ್ಯ ಕಲಾವಿದರು: ಕೈಲಾಶ ಪಂಢರಿ. ಬರೆದವರು: ಕೈಲಾಶ ಪಂಢರಿ. ಅದರ ಕೆಳಗೆ ಕೊನೆಯ ಖಾನೆ: ಹಾಡಿನ ಹಕ್ಕುದಾರರು. ಇವರ ಅಪ್ಪಣೆ ಇಲ್ಲದೆ ಯಾರೂ ನಕಲು ಮಾಡುವಂತಿಲ್ಲ ಎಂದು ಪಕ್ಕದಲ್ಲೇ ಬರೆದಿತ್ತು.

ನನ್ನ ಬೆರಳು ನಿಂತಿತು. ಹುಟ್ಟಿದಾಗಿನಿಂದ ನಾನು ಮಹಾಮಾಯಾ ಧೊಂಡಿಬಾ. ನಮ್ಮ ಕಡೆ ಹೆಣ್ಣಿನ ಹೆಸರಿನ ಜೊತೆಗಿರುವ ಅಪ್ಪನ ಹೆಸರು ಬದಲಾಗುವುದು ಒಂದೇ ಸಲ, ಅದೂ ಮದುವೆಯಲ್ಲಿ, ಗಂಡನ ಹೆಸರಿಗೆ. ಬರೆದೇಬಿಟ್ಟೆ. ಫೋನನ್ನು ಅವನ ಕಡೆ ತಿರುಗಿಸಿದೆ.

ಹಕ್ಕುದಾರರು: ಮಹಾಮಾಯಾ ಕೈಲಾಶ.

ಅವನು ಓದಿದ. ಮತ್ತೆ ಓದಿದ. ಮೂರನೇ ಸಲ ಓದುವಾಗ ತುಟಿಗಳು ಅಲುಗಿದವು.

“ಕೆಳಗ ಒಂದು ಟಿಕ್ ಹಾಕಬೇಕ್ರಿ” ಎಂದ. “ಮೇಲಿನ ಮಾಹಿತಿ ಎಲ್ಲಾ ನಿಜ ಅದ ಅಂತ.”

“ಗೊತ್ತದ.”

“ಇನ್ನಾ ನಿಜ ಆಗಿಲ್ಲಲ್ರಿ.”

“ಆಗೋತನಕ ಟಿಕ್ ಹಾಕಬ್ಯಾಡ್ರಿ.”

“ಮತ್ತ ಅಲ್ಲೀತನ ಹಾಡು?”

“ಅಲ್ಲೀತನ ನನ್ನ ಮುಂದ ಕುಂತು ನೀವೇ ಹಾಡ್ರಿ.”

ಅವನು ಆಂಪ್ಲಿಫೈಯರಿನ ಸ್ವಿಚ್ಚು ಆರಿಸಿದ. ನನ್ನ ಫೋನಿನ ಕೇಬಲು ಕಳಚಿ, ಎರಡೂ ಕೈಯಿಂದ ಫೋನನ್ನು ನನ್ನ ಮುಂದೆ ಇಟ್ಟ. ಬೆರಳು ಬೆರಳಿಗೆ ತಾಗಿತು. ಇಬ್ಬರೂ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

“ಭಾಲ್ಕಿಯಾಗ ನಿಮ್ಮ ಅಪ್ಪಾರು ಇವತ್ತ ಮನಿಯಾಗ ಇರ್ತಾರೇನ್ರಿ?” ಎಂದು ಕೇಳಿದ.

“ಇರ್ತಾರ” ಎಂದೆ. “ಆದ್ರ ಹಿಂಗೇ ಬರ್ತೀರೇನು? ಮೊದಲ ಆ ತೋಳು ಸುಟ್ಟ ಅಂಗಿ ಬದಲಿ ಮಾಡ್ರಿ. ಜಲ್ದಿ. ಮೂರೂವರಿಗಿ ಗಾಡಿ ಅದ.”