ಇನ್‌ಸ್ಪೆಕ್ಟರ್ ಗೆದ್ದ ಕುರಿಯ ತೊಡೆ

2024ರ ಫೆಬ್ರವರಿ 4, ಭಾನುವಾರ, ಮಧ್ಯಾಹ್ನ 3 ಗಂಟೆ 10 ನಿಮಿಷ.

ನನ್ನ ಬೆನ್ನ ಹಿಂದೆ ಬಾಗಿಲು ಧಡ್ಡನೆ ಮುಚ್ಚಿತು. ಹೊರಗಿನಿಂದ ಚಿಲಕ ಬಿತ್ತು!

ಕತ್ತಲು... ಹುಳಿ ವಾಸನೆ... ಟಾರ್ಚ್ ಹಾಕಿದೆ. ಸುತ್ತ ಬಿಯರ್ ಪೀಪಾಯಿಗಳು. ಗೋಡೆಯ ಥರ್ಮಾಮೀಟರ್ ಹನ್ನೆರಡು ಡಿಗ್ರಿ ತೋರಿಸುತ್ತಿತ್ತು. ಬಿಯರಿಗೆ ಹಿತವಾದ ತಾಪಮಾನ. ಅರವತ್ತು ದಾಟಿದ ಮಂಡಿಗಲ್ಲ.

"ಅಜ್ಜೀ, ಬಾಯಾರಿದ್ರೆ ಪಕ್ಕದಲ್ಲೇ ಇದೆ ನೋಡು!" ಬಾಗಿಲಾಚೆಯಿಂದ ಡ್ಯಾರಿಲ್ ಪ್ಲಂಬ್ ಕೂಗಿದ.

"ಬಾಗಿಲು ತೆಗಿಯೋ, ಕಳ್ಳ!"

"ಸಾರಿ ಅಜ್ಜಿ. ನಿಜವಾಗ್ಲೂ ಸಾರಿ."

ಅವನ ಹೆಜ್ಜೆ ದೂರವಾಯಿತು.

ಡ್ಯಾರಿಲ್‌ನ ರೋಗವೇ ಅದು. ಹೋದ ತಿಂಗಳು ಶಿವನೇಶನ್‌ನ ಅಂಗಡಿಯಲ್ಲಿ ಕದ್ದು ಓಡುವಾಗ ಗಲ್ಲಾದಲ್ಲಿ ಕೂರುವ ಲಿನೆಟ್‌ಳನ್ನು ತಳ್ಳಿ ಮಣಿಕಟ್ಟು ಮುರಿದ. ಆಗಲೂ "ಸಾರಿ" ಅಂದಿದ್ದ. ಆದರೆ ಕ್ಯಾಮೆರಾದಲ್ಲಿ ಕಂಡದ್ದು ಬೆನ್ನು ಮಾತ್ರ. ಬೆನ್ನನ್ನು ಯಾವ ಕೋರ್ಟೂ ಶಿಕ್ಷಿಸುವುದಿಲ್ಲ.

ನಾನು ಥೆಲ್ಮಾ ಗ್ರಿಮ್‌ಶಾ. ಹಾರ್ಕ್‌ಬಿ ಪಟ್ಟಣದ ಅಂಗಡಿಗಳ ಕಾವಲುಗಾತಿ. ಅಂಗಡಿಯವರೂ ಸರಕಾರವೂ ಕೈಜೋಡಿಸಿ ಕಳ್ಳತನ ತಡೆಯುವ ಯೋಜನೆ ನಮ್ಮದು. ಅರ್ಧ ಸಂಬಳ ಪುರಸಭೆಯದು, ಅರ್ಧ ಅಂಗಡಿಯವರದು. ಬೈಗುಳ ಮಾತ್ರ ಇಬ್ಬರಿಂದಲೂ ಪೂರ್ತಿ!

ಯೋಜನೆಯಿಂದ ಪ್ರತಿ ಅಂಗಡಿಗೂ ಒಂದೊಂದು ವಾಕಿಟಾಕಿ ಬಂತು. ಶಿವನೇಶನ್‌ಗೆ ಬಾಗಿಲಲ್ಲಿ ಕೂಗುವ ಕಂಬಗಳೂ ಬಂದವು. ಹಣ ಕೊಡದ ಸಾಮಾನು ದಾಟಿದರೆ ಅವು ಕೂಗಬೇಕು. ಈವರೆಗೆ ಕೂಗಿದ್ದು ಮಕ್ಕಳ ತಳ್ಳುಗಾಡಿಗಳಿಗೆ ಮಾತ್ರ.

ಅಂದು ಮಧ್ಯಾಹ್ನ ಅವನ ಫ್ರಿಜ್ಜಿನಿಂದ ಮತ್ತೊಂದು ಕುರಿಯ ತೊಡೆ ಮಾಯವಾಗಿತ್ತು. ಕಂಬಗಳು ಸುಮ್ಮನಿದ್ದವು.

"ಸಾಕಕ್ಕಾ," ಅಂದ ಶಿವನೇಶನ್. ಅಂಗಡಿಯ ಕೀಲಿ ಗಲ್ಲಾದ ಮೇಲಿತ್ತು. "ಜಾಫ್ನಾದಲ್ಲಿ ಗುಂಡಿನ ಸದ್ದು ಕೇಳ್ಕೊಂಡು ಅಂಗಡಿ ನಡೆಸಿದೋನು ನಾನು. ಇಲ್ಲಿ ಸಾರಿ ಕೇಳ್ಕೊಂಡು ನಡೆಸೋಕಾಗಲ್ಲ. ಲಿನೆಟ್ ಕೈ ನೋಡಿ. ನಾಳೆ ಬೆಳಗ್ಗೆ ಕೀಲಿ ಕಟ್ಟಡದ ಮಾಲೀಕನಿಗೆ."

"ಸಂಜೆ ತನಕ ತಾಳು," ಅಂದೆ.

ಹೊರಗೆ ಬಂದರೆ ಡ್ಯಾರಿಲ್ ರಸ್ತೆ ದಾಟುತ್ತಿದ್ದ. ಉದ್ದನೆಯ ಕೋಟು. ಹೆಜ್ಜೆ ಹೆಜ್ಜೆಗೂ ಚಿಪ್ಸ್ ಪೊಟ್ಟಣ ಹಿಸುಕಿದ ಸದ್ದು! ಎದುರಿನ ಕಾರ್ಮಿಕರ ಕ್ಲಬ್ಬಿನ ನೆಲಮಾಳಿಗೆಗೆ ಇಳಿದ. ನಾನೂ ಇಳಿದೆ. ಅವನು ಪೀಪಾಯಿಗಳ ಮರೆಯಿಂದ ನುಸುಳಿ ಹೊರಬಿದ್ದ. ಉಳಿದದ್ದು ನಿಮಗೆ ಗೊತ್ತು.

ವಾಕಿಟಾಕಿ ಒತ್ತಿದೆ. ಬರೀ ಗೊರಗೊರ. ಕಲ್ಲಿನ ಗೋಡೆ.

ಆಗ ತಲೆಯ ಮೇಲಿನ ಹಲಗೆಗಳಾಚೆ ಮೈಕು ಕಿರುಚಿತು.

"ಗುಲಾಬಿ ಚೀಟಿ... ನಲವತ್ತೇಳು!"

"ನಂದು! ನಂದು!"

ಆ ದನಿ ನನಗೆ ಗೊತ್ತು. ಇನ್‌ಸ್ಪೆಕ್ಟರ್ ಪೆಲ್‌ಹ್ಯಾಮ್!

ಭಾನುವಾರದ ಮಾಂಸದ ಲಾಟರಿ ನಡೆಯುತ್ತಿತ್ತು. ಒಂದು ಪೌಂಡ್ ನಾಣ್ಯಕ್ಕೊಂದು ಚೀಟಿ, ಗೆದ್ದವರಿಗೆ ಕುರಿಯ ತೊಡೆಯೋ ಹಂದಿಯ ತುಂಡೋ. ಡ್ಯಾರಿಲ್ ಕದ್ದ ತೊಡೆಗಳೊಂದಿಗೆ ಇಲ್ಲಿಗೇ ಏಕೆ ಬರುತ್ತಾನೆಂದು ಈಗ ಹೊಳೆಯಿತು. ಆ ಲಾಟರಿಯ ಲಾಭ ಎಲ್ಲಿಗೆ ಹೋಗುತ್ತದೆ ಗೊತ್ತೇ?

ನಮ್ಮ ವಾಕಿಟಾಕಿ ನಿಧಿಗೆ.

ಪೀಪಾಯಿ ಉರುಳಿಸುವ ಜಾರುಹಲಗೆ ಕಣ್ಣಿಗೆ ಬಿತ್ತು. ನಾಲ್ಕು ಕಾಲಲ್ಲಿ ಹತ್ತಿದೆ. ಮೇಲಿನ ಕದವನ್ನು ಹೆಗಲಿನಿಂದ ದೂಡಿ ಪಾದಚಾರಿ ದಾರಿಯ ಮೇಲೆ ತಲೆ ಹೊರಹಾಕಿದೆ.

ಎದುರಿಗೆ ಹೊಳೆಯುವ ಎರಡು ಬೂಟು. ಪೆಲ್‌ಹ್ಯಾಮ್! ತೋಳಲ್ಲಿ ಕೂಸಿನಂತೆ ಕುರಿಯ ತೊಡೆ. ಅದಕ್ಕೊಂದು ಕೆಂಪು ರಿಬ್ಬನ್.

"ಥೆಲ್ಮಾ? ಅಲ್ಲೇನ್ರೀ ಮಾಡ್ತಿದ್ದೀರಿ?"

"ಗಾಳಿ ಸೇವನೆ ಸಾರ್. ಒಳ್ಳೇ ತೊಡೆ."

"ರಾತ್ರಿ ಊಟಕ್ಕೆ ಅತ್ತೆ ಬರ್ತಿದ್ದಾರೆ. ದೇವರು ದೊಡ್ಡೋನು!"

"ಪುದೀನ ಸಾಸ್ ಇದೆಯಾ ಮನೇಲಿ?"

ಅವರ ಮುಖ ಬಿದ್ದುಹೋಯಿತು. ಅತ್ತೆಯ ಮುಂದೆ ಪುದೀನ ಸಾಸ್ ಇಲ್ಲದ ಕುರಿಯ ಮಾಂಸ ಇಡುವ ಧೈರ್ಯ ನಮ್ಮ ಪೊಲೀಸರಿಗಿಲ್ಲ.

"ಎದುರಿಗೇ ಶಿವನೇಶನ್ ಅಂಗಡಿ," ಅಂದೆ. "ಬನ್ನಿ, ನಾನೂ ಬರ್ತೀನಿ."

ಇನ್‌ಸ್ಪೆಕ್ಟರ್ ಬಾಗಿಲು ದಾಟಿದರು.

ಕಂಬಗಳು ಅರಚಿಕೊಂಡವು!

ಎಲ್ಲರೂ ತಿರುಗಿ ನೋಡಿದರು. ಪೆಲ್‌ಹ್ಯಾಮ್ ಎರಡೂ ಕೈ ಮೇಲೆತ್ತಿದರು, ಒಂದರಲ್ಲಿ ತೊಡೆ. ಬ್ಯಾಂಡೇಜಿನ ಕೈ ಬಾಯಿಗಿಟ್ಟು ಲಿನೆಟ್ ನಕ್ಕಳು. ಒಂದು ತಿಂಗಳಲ್ಲಿ ಮೊದಲ ಸಲ.

ಶಿವನೇಶನ್ ಆ ತೊಡೆಯನ್ನು ಅದರ ಪ್ಲಾಸ್ಟಿಕ್ ತಟ್ಟೆಯಿಂದ ಎತ್ತಿ, ರಕ್ತ ಹೀರುವ ಹಾಸಿನ ಕೆಳಗೆ ಬೆರಳಾಡಿಸಿದ. ಬೆರಳ ತುದಿಯಲ್ಲಿ ಕಂಬಗಳನ್ನು ಕೂಗಿಸುವ ಬಿಳಿಯ ಬಿಲ್ಲೆ.

"ನಾನೇ ಅಂಟಿಸಿದ್ದು, ಸಾರ್. ಇವತ್ತು ಬೆಳಗ್ಗೆ."

"ಆದ್ರೆ ನಾನು... ಚೀಟಿ... ಗುಲಾಬಿ ಚೀಟಿ..."

"ಹಾಗಾದ್ರೆ ಕಳ್ಳ ದಾಟಿದಾಗ ಇದ್ಯಾಕೆ ಕೂಗ್ಲಿಲ್ಲ?" ಲಿನೆಟ್ ಕೇಳಿದಳು.

ಅಷ್ಟರಲ್ಲಿ ಮಾಂಸದ ಫ್ರಿಜ್ಜಿನ ಕಡೆಯಿಂದ ಒಂದು ಸದ್ದು. ಚಿಪ್ಸ್ ಪೊಟ್ಟಣ ಹಿಸುಕಿದಂತೆ...

"ಅದಕ್ಕೇ," ಅಂದೆ. "ಕೋಟಿನ ಒಳಗೆ ಅಡುಗೆಮನೆ ಫಾಯಿಲ್ ಹೊಲಿಸಿದ್ದಾನೆ. ಫಾಯಿಲ್ ಸುತ್ತಿದ ಬಿಲ್ಲೆ ಕಂಬಗಳಿಗೆ ಕಾಣಲ್ಲ."

ಡ್ಯಾರಿಲ್ ತಲೆ ಎತ್ತಿದ. ಲಾಟರಿಗೆ ಇನ್ನೊಂದು ಬಹುಮಾನ ಬೇಕಿತ್ತೆಂದು ಕಾಣುತ್ತದೆ.

ಓಡಿದ!

ಕಂಬಗಳು ಮೌನ. ನಾನು ವಾಕಿಟಾಕಿ ಒತ್ತಿದೆ. "ಎಲ್ಲಾ ಅಂಗಡಿಗಳಿಗೆ! ಉದ್ದ ಕೋಟು. ಯಾರೂ ಮೈಮೇಲೆ ಬೀಳ್ಬೇಡಿ. ಬರೀ ಕಿವಿ ತೆರೆದಿಡಿ. ಸಾರಿ ಎಲ್ಲಿ ಕೇಳಿಸ್ತು ಹೇಳಿ!"

ಉತ್ತರಗಳು ಶುರುವಾದವು.

"ಔಷಧಿ ಅಂಗಡಿ. ಬಸ್ ಸ್ಟಾಪ್ ಕ್ಯೂ ಹತ್ರ ಮೂರು ಸಾರಿ!"

"ಹೂವಿನಂಗಡಿ. ಬಕೆಟ್ ಒದ್ದ. ಒಂದು ಸಾರಿ!"

"ಬೇಕರಿ ಪಾಲಿನ್ ಮಾತಾಡ್ತಿರೋದು. ನಮ್ಮ ಹಿಂದಿನ ಗಲ್ಲೀಲಿ ಯಾರೋ ನಾಯಿಗೆ ಸಾರಿ ಹೇಳ್ತಿದ್ದಾನೆ!"

ಬೇಕರಿಯ ಗಲ್ಲಿಗೆ ಎರಡೇ ಬಾಯಿ. ಒಂದಕ್ಕೆ ಪೆಲ್‌ಹ್ಯಾಮ್ ಓಡಿದರು. ಇನ್ನೊಂದಕ್ಕೆ ಪಾಲಿನ್ ತನ್ನ ಬ್ರೆಡ್ ಗಾಡಿಯನ್ನು ಅಡ್ಡ ತಳ್ಳಿದಳು. ಡ್ಯಾರಿಲ್ ಅದಕ್ಕೆ ಢಿಕ್ಕಿ ಹೊಡೆದ.

"ಸಾರಿ..."

"ನಂಗಲ್ಲ ಮಗಾ," ಅಂದಳು ಪಾಲಿನ್. "ಲಿನೆಟ್‌ಗೆ ಹೇಳು. ಜಡ್ಜ್ ಮುಂದೆ."

ಈ ಸಲ ಬೆನ್ನಲ್ಲ, ಮುಖ ಸಿಕ್ಕಿತ್ತು. ಕೋಟಿನಲ್ಲಿ ತೊಡೆಯೂ ಇತ್ತು. ಇನ್ನು ಉಳಿದವನು ಲಾಟರಿ ನಡೆಸುವ ನೆವಿಲ್. ಅವನನ್ನು ಕ್ಲಬ್ಬಿನ ಮೈಕಿನ ಪಕ್ಕದಲ್ಲೇ ಹಿಡಿದೆ.

"ಈ ಮಾಂಸ ಎಲ್ಲಿಂದ ಬಂತು ಅಂತ ಡ್ಯಾರಿಲ್‌ನ ಒಂದ್ಸಲನಾದ್ರೂ ಕೇಳಿದ್ಯಾ?"

"ಅಯ್ಯೋ ತಾಯಿ, ಕೇಳೋದು ಮರ್ಯಾದೆ ಅಲ್ವಲ್ಲ!"

"ಸ್ಟೇಷನ್ನಿನಲ್ಲಿ ನಿನ್ನನ್ನ ಕೇಳ್ತಾರೆ. ಅವರಿಗೆ ಮರ್ಯಾದೆ ಇಲ್ಲ."

ನಾನು ಅಂಗಡಿಗೆ ಮರಳಿದಾಗ ಗಲ್ಲಾದ ಮೇಲೆ ಕೀಲಿ ಇರಲಿಲ್ಲ. ತಿರುಗಿ ನೋಡಿದೆ. ಬಾಗಿಲ ಪಕ್ಕದ ಮೊಳೆಯಲ್ಲಿ, ಎಂದಿನ ಜಾಗದಲ್ಲಿ ತೂಗುತ್ತಿತ್ತು.

"ನಾಳೆ ಎಷ್ಟು ಗಂಟೆಗೆ ತೆಗೀತೀಯಾ?" ಕೇಳಿದೆ.

"ಎಂದಿನಂತೆ, ಅಕ್ಕಾ," ಅಂದ ಶಿವನೇಶನ್.

ಇನ್‌ಸ್ಪೆಕ್ಟರ್ ಗಂಟಲು ಸರಿಮಾಡಿಕೊಂಡರು. ಗೆದ್ದ ತೊಡೆ ಈಗ ಸಾಕ್ಷಿ. ಅತ್ತೆ ಮಾತ್ರ ಬರುವುದು ಖಚಿತ.

"ಇನ್ನೊಂದು ತೊಡೆ... ಏನಾದ್ರೂ ರಿಯಾಯಿತಿ... ಯೋಜನೆಯವರಿಗೆ?"

ಶಿವನೇಶನ್ ಫ್ರಿಜ್ಜಿನಿಂದ ಹೊಸ ತೊಡೆ ತೆಗೆದು ತಕ್ಕಡಿಯ ಮೇಲಿಟ್ಟ. ಅಂಕಿಗಳು ಏರಿದವು, ಇಳಿದವು, ನಿಲ್ಲಲಿಲ್ಲ.

"ಸಾರ್," ಅಂದ ಮೆಲ್ಲಗೆ, "ತಟ್ಟೆ ಮೇಲಿಂದ ಕೈ ತೆಗೀರಿ."

ಪೆಲ್‌ಹ್ಯಾಮ್ ಕೈ ತೆಗೆದರು. "ಸಾರಿ."

ಅಂಕಿ ನಿಂತಿತು. ಎರಡು ಕಿಲೋ ಮುನ್ನೂರ ನಲವತ್ತು ಗ್ರಾಂ.